ಒಂದು ಸಜ್ಜಾ, ಎರಡು ವೈನ್ ಫ್ರಿಜ್: ಮೇಲ್ಮಹಡಿ ಮನೆಯಲ್ಲಿ ಮೂರು ಬೇಸಿಗೆ ಕಳೆದ ಮೇಲೆ ಬರೆದ ರಿವ್ಯೂ

ಇದು ಎರಡು ವೈನ್ ಫ್ರಿಜ್‌ಗಳ, ಅಂದರೆ ವೈನ್ ಬಾಟಲಿಗಳನ್ನು ಹದವಾದ ತಂಪಿನಲ್ಲಿ ಇಡುವ ಫ್ರಿಜ್‌ಗಳ ರಿವ್ಯೂ. ಒಂದನ್ನು 2022ರ ನವೆಂಬರ್‌ನಲ್ಲಿ ಕೊಂಡೆ, ಅದು ಈಗ ಗುಜರಿಗೆ ಹೋಗಿದೆ. ಇನ್ನೊಂದನ್ನು 2024ರ ಫೆಬ್ರವರಿಯಲ್ಲಿ ಕೊಂಡೆ, ಅದು ನಮ್ಮ ಹಾಲ್‌ನ ಮೂಲೆಯಲ್ಲಿ ಇವತ್ತಿಗೂ ಓಡುತ್ತಿದೆ. ಎರಡರ ಕಂಪನಿ ಹೆಸರನ್ನೂ ಹಾಕುತ್ತಿಲ್ಲ. ಮೊದಲನೆಯದು ಕೈಕೊಟ್ಟಿದ್ದು ಅದರ ಒಳಗಿನ ತಂತ್ರದಿಂದ, ಅದೇ ತಂತ್ರದ ಪೆಟ್ಟಿಗೆಗಳು ಹತ್ತಾರು ಹೆಸರಿನಲ್ಲಿ ಮಾರಾಟಕ್ಕಿವೆ. ಹೆಸರು ಗೊತ್ತಾದರೆ ಅದೊಂದನ್ನು ಬಿಟ್ಟು ಪಕ್ಕದ್ದನ್ನು ಕೊಳ್ಳುತ್ತೀರಿ, ಆಗ ನಾನು ಬರೆದು ಏನು ಪ್ರಯೋಜನ?

ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ, ಮೂರನೇ ಮಹಡಿ. ಮೇಲೆ ಬೇರೆ ಮನೆ ಇಲ್ಲ, ಬರೀ ತಾರಸಿ. ಏಪ್ರಿಲ್‌ನಲ್ಲಿ ರಾತ್ರಿ ಹತ್ತು ಗಂಟೆಗೂ ಸೂರಿಗೆ ಕೈ ತಾಗಿಸಿದರೆ ಬೆಚ್ಚಗಿರುತ್ತದೆ. ನಾನು ಮತ್ತು ನಮ್ಮ ಮನೆಯವರು ಶನಿವಾರ ಒಂದು ಬಾಟಲಿ ತೆಗೆದು ಎರಡು ದಿನ ಕುಡಿಯುವವರು. ತಿಂಗಳಿಗೆ ನಾಲ್ಕೈದು ಬಾಟಲಿ ಅಷ್ಟೇ. ಅದರ ಜೊತೆಗೆ ಕೆಲವು ಬಾಟಲಿಗಳನ್ನು ಮುಂದಿನ ದಿನಕ್ಕೆ ಅಂತ ಎತ್ತಿಡುತ್ತೇವೆ. ಎತ್ತಿಡುವವುಗಳೇ ಕೆಡುವುದು.

2019ರಲ್ಲಿ ನಂದಿ ಬೆಟ್ಟದ ಕಡೆಯ ಒಂದು ವೈನರಿಗೆ ಹೋಗಿದ್ದೆವು. ಮರದ ಪೀಪಾಯಿಗಳನ್ನು ಸಾಲಾಗಿ ಇಟ್ಟಿದ್ದ ಕೋಣೆಗೆ ಕಾಲಿಟ್ಟರೆ ಶಾಲು ಬೇಕು ಅನ್ನಿಸುವಷ್ಟು ತಂಪು. ಅಲ್ಲೇ ಒಂದೇ ತರಹದ ಎರಡು ಕೆಂಪು ವೈನ್ ಕೊಂಡೆವು. ಒಂದೇ ವರ್ಷದ್ದು, ಒಂದೇ ಪೆಟ್ಟಿಗೆಯಿಂದ ತೆಗೆದುಕೊಟ್ಟದ್ದು. ಒಂದನ್ನು ನಮ್ಮ ಮದುವೆಯ ಹತ್ತನೇ ವರ್ಷಕ್ಕೆ ಅಂತ ಇಟ್ಟುಕೊಂಡೆ, ಇನ್ನೊಂದನ್ನು ಮಡಿಕೇರಿಯಲ್ಲಿರುವ ಅಕ್ಕನಿಗೆ ಕೊಟ್ಟೆ. ನನ್ನದು ಅಡುಗೆಮನೆಯ ಸಜ್ಜಾ ಮೇಲೆ ಹೋಯಿತು. ಮಕ್ಕಳ ಕೈಗೆ ಸಿಗಬಾರದು, ಬಿಸಿಲು ಬೀಳಬಾರದು, ಇಷ್ಟೇ ನನ್ನ ಲೆಕ್ಕ. ಕೆಳಗೆ ಗ್ಯಾಸ್ ಒಲೆ, ಮೇಲೆ ಕಾದ ಸೂರು. ಅದು ಆಗ ತಲೆಗೆ ಬರಲೇ ಇಲ್ಲ.

2022ರ ಫೆಬ್ರವರಿಯಲ್ಲಿ ತೆಗೆದೆವು. ಬಾಟಲಿಯ ಬಾಯಿಗೆ ಸುತ್ತಿದ ಹಾಳೆ, ಅಂದರೆ ಕ್ಯಾಪ್ಸೂಲ್ ಬಿಚ್ಚಿದಾಗಲೇ ಗೊತ್ತಾಯಿತು. ಕಾರ್ಕ್ ಬಾಟಲಿಯ ಬಾಯಿಂದ ಎರಡು ಮಿಲಿಮೀಟರ್ ಮೇಲೆದ್ದಿತ್ತು, ಸುತ್ತ ಅಂಟು ಅಂಟು. ಗ್ಲಾಸಿಗೆ ಸುರಿದರೆ ಕೆಂಪು ಹೋಗಿ ಕಷಾಯದ ಬಣ್ಣ. ವಾಸನೆ ನೋಡಿದರೆ ಒಣದ್ರಾಕ್ಷಿಯನ್ನು ಹಳೇ ಬೆಲ್ಲದ ಜೊತೆ ಕುದಿಸಿ ಅಡಿ ಹಿಡಿಸಿದ ಹಾಗೆ. ಬಾಯಲ್ಲಿ ಹಣ್ಣಿನ ರುಚಿ ಒಂದಿಷ್ಟೂ ಇಲ್ಲ, ಹುಳಿ ಮತ್ತು ಒಗರು ಮಾತ್ರ ಉಳಿದಿತ್ತು. ಮೂರು ವರ್ಷ ಕಾದು ಇಟ್ಟದ್ದು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅದೇ ಮೇ ತಿಂಗಳಲ್ಲಿ ಮಕ್ಕಳ ರಜೆಗೆ ಮಡಿಕೇರಿಗೆ ಹೋದಾಗ ಅಕ್ಕನ ಹತ್ತಿರ ಕೇಳಿದೆ. "ಅಯ್ಯೋ, ಅದು ಇದ್ದದ್ದೇ ಮರೆತು ಹೋಗಿತ್ತು ಕಣೇ, ಉಗ್ರಾಣದಲ್ಲಿ ಮಲಗಿಸಿಟ್ಟಿದ್ದೆ, ತೆಗಿ ನೋಡೋಣ" ಅಂದಳು. ಅವಳ ಅತ್ತೆ ಮನೆ ಹಳೇ ಮನೆ. ಗೋಡೆ ಒಂದೂವರೆ ಅಡಿ ದಪ್ಪ. ಉಗ್ರಾಣಕ್ಕೆ ಕಿಟಕಿ ಇಲ್ಲ, ಉಪ್ಪಿನಕಾಯಿ ಭರಣಿ, ಕಾಫಿ ಬೀಜದ ಚೀಲ ಎಲ್ಲ ಅಲ್ಲೇ. ಆ ಬಾಟಲಿಯ ಕಾರ್ಕ್ ಜಾಗ ಬಿಟ್ಟು ಕದಲಿರಲಿಲ್ಲ. ವೈನ್ ಮಾಗಿತ್ತು, ಅಂಚಿನಲ್ಲಿ ಬಣ್ಣ ಸ್ವಲ್ಪ ಇಟ್ಟಿಗೆ ಕಡೆಗೆ ತಿರುಗಿತ್ತು, ಆದರೆ ಜೀವ ಇತ್ತು. ನೇರಳೆಹಣ್ಣು, ಕಾಳುಮೆಣಸು, ಕೊನೆಯಲ್ಲಿ ಒಂಚೂರು ಹೊಗೆ. ಒಂದೇ ವೈನ್, ಒಂದೇ ದಿನ ಕೊಂಡದ್ದು, ಬೇರೆ ಬೇರೆ ಕಡೆ ಇಟ್ಟದ್ದು. ಇದಕ್ಕಿಂತ ನೇರವಾದ ಪರೀಕ್ಷೆ ಮಾಡಬೇಕು ಅಂತ ಹೊರಟರೂ ಸಿಗುತ್ತಿರಲಿಲ್ಲ. ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಬೆಂಗಳೂರಿಗೆ ಬಂದು ಮೊದಲು ಮಾಡಿದ ಕೆಲಸ, 400 ರೂಪಾಯಿಯ ಒಂದು ಡಿಜಿಟಲ್ ಥರ್ಮಾಮೀಟರ್ ತರಿಸಿದ್ದು. ತಾಪ, ತೇವಾಂಶ ಎರಡನ್ನೂ ತೋರಿಸುತ್ತದೆ, 24 ಗಂಟೆಯಲ್ಲಿ ಅತಿ ಹೆಚ್ಚು ಎಷ್ಟು, ಅತಿ ಕಡಿಮೆ ಎಷ್ಟು ಅಂತಲೂ ನೆನಪಿಟ್ಟುಕೊಳ್ಳುತ್ತದೆ. ನೀವು ಬೇರೆ ಏನೂ ಕೊಳ್ಳದಿದ್ದರೂ ಇದೊಂದನ್ನು ಕೊಳ್ಳಿ. ಆ ಮೇಲಿನ ದಿನಗಳಲ್ಲಿ ಮನೆಯ ಒಂದೊಂದು ಜಾಗದಲ್ಲಿ ಮೂರು ಮೂರು ದಿನ ಇಟ್ಟು ಬರೆದುಕೊಂಡೆ. ಸಜ್ಜಾ ಮೇಲೆ ಹಗಲು 36, ಬೆಳಗಿನ ಜಾವ 27. ನಮ್ಮ ಮಾಮೂಲಿ ಫ್ರಿಜ್‌ನ ತಲೆ ಮೇಲೆ ಇನ್ನೂ ಜಾಸ್ತಿ, ಯಾಕೆಂದರೆ ಫ್ರಿಜ್ ತನ್ನ ಬಿಸಿಯನ್ನೆಲ್ಲ ಹಿಂದಿನಿಂದ ಮೇಲಕ್ಕೆ ಬಿಡುತ್ತದೆ. ಎಷ್ಟೋ ಮನೆಗಳಲ್ಲಿ ಬಾಟಲಿ ಇರುವುದು ಅಲ್ಲೇ, ಅಲ್ವಾ? ಹಾಲ್‌ನ ಶೋಕೇಸ್‌ನಲ್ಲಿ 33ರಿಂದ 28. ಉತ್ತರ ದಿಕ್ಕಿನ ಮಲಗುವ ಕೋಣೆಯಲ್ಲಿ, ಗೋಡೆ ಬೀರುವಿನ ತಳದಲ್ಲಿ, ಬಟ್ಟೆಗಳ ಹಿಂದೆ 28ರಿಂದ 26. ಒಂದೇ ಮನೆ, ಎರಡೇ ವಾರ, ಹಗಲಿನಲ್ಲಿ ಎಂಟು ಡಿಗ್ರಿಗೂ ಹೆಚ್ಚು ವ್ಯತ್ಯಾಸ.

ವೈನ್‌ಗೆ ಬೇಕಾದದ್ದು 12ರಿಂದ 13 ಡಿಗ್ರಿ. ಎಲ್ಲರೂ ಹೇಳುವ ಅಂಕಿ ಅದು, ಸರಿಯಾದದ್ದೇ. ಆದರೆ ನನ್ನ ಬಾಟಲಿಯನ್ನು ಕೊಂದದ್ದು ಬರೀ ಬಿಸಿ ಅಲ್ಲ, ದಿನದಿನದ ಏರಿಳಿತ ಕೂಡ. ಹಗಲು ಕಾದಾಗ ಒಳಗಿನ ವೈನ್ ಹಿಗ್ಗಿ ಕಾರ್ಕನ್ನು ತಳ್ಳುತ್ತದೆ. ರಾತ್ರಿ ತಣಿದಾಗ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಮಾರನೆಯ ದಿನ ಮತ್ತೆ ತಳ್ಳು, ಮತ್ತೆ ಎಳೆ. ಮೂರು ಬೇಸಿಗೆ ಹೀಗೇ ನಡೆದರೆ ಕಾರ್ಕ್ ಸಡಿಲವಾಗದೆ ಇನ್ನೇನಾಗುತ್ತದೆ? ಹಾಗಾಗಿ ವರ್ಷವಿಡೀ 20ರಲ್ಲಿ ಅಲುಗಾಡದೆ ಇರುವ ಜಾಗ, ದಿನವೂ 15ಕ್ಕೂ 25ಕ್ಕೂ ಓಡಾಡುವ ಜಾಗಕ್ಕಿಂತ ಮೇಲು. ಬೆಳಕೂ ಶತ್ರುವೇ, ಅದರಲ್ಲೂ ಬಣ್ಣವಿಲ್ಲದ ಗಾಜಿನ ಬಾಟಲಿಗೆ. ಗುಲಾಬಿ ಬಣ್ಣದ ರೋಸೆ ವೈನ್ ಅಂಥ ಬಾಟಲಿಯಲ್ಲೇ ಬರುವುದು ಜಾಸ್ತಿ, ಅದನ್ನು ಕಿಟಕಿ ಹತ್ತಿರ ಚೆಂದಕ್ಕೆ ಇಡಬೇಡಿ. ಕಾರ್ಕ್ ಇರುವ ಬಾಟಲಿಯನ್ನು ಮಲಗಿಸಬೇಕು, ಕಾರ್ಕ್ ಒಣಗಿ ಕುಗ್ಗಬಾರದು ಅಂತ. ತಿರುಪು ಮುಚ್ಚಳ ಇದ್ದರೆ ನಿಲ್ಲಿಸಿದರೂ ಏನೂ ಆಗುವುದಿಲ್ಲ. ಸುಲಾ ಸೇರಿದಂತೆ ನಮ್ಮ ಅಂಗಡಿಗಳಲ್ಲಿ ಸಿಗುವ ಬಹಳಷ್ಟು ಭಾರತೀಯ ವೈನ್‌ಗೆ ಈಗ ತಿರುಪು ಮುಚ್ಚಳವೇ ಇರುತ್ತದೆ.

ಇಷ್ಟು ಗೊತ್ತಾದ ಮೇಲೆ ಮೊದಲ ಫ್ರಿಜ್ ಕೊಂಡೆ.

12 ಬಾಟಲಿಯದ್ದು, 14,000 ರೂಪಾಯಿ, ಆನ್‌ಲೈನ್. ಕಪ್ಪು ಗಾಜಿನ ಬಾಗಿಲು, ಒಳಗೆ ನೀಲಿ ದೀಪ, ನೋಡಲು ಬಹಳ ಚೆಂದ. ಸದ್ದಿಲ್ಲ, ನಡುಕವಿಲ್ಲ, ವೈನ್‌ಗೆ ನಡುಕ ಆಗಬಾರದು ಅಂತ ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದಿದ್ದರು. ಅದು ನಿಜವೂ ಹೌದು. ನವೆಂಬರ್, ಡಿಸೆಂಬರ್, ಜನವರಿ ಮೂರು ತಿಂಗಳು ನನಗೆ ಅದರ ಮೇಲೆ ತುಂಬ ಪ್ರೀತಿ. ಡಿಸ್‌ಪ್ಲೇಯಲ್ಲಿ 12, ಒಳಗೆ ಇಟ್ಟ ನನ್ನ ಥರ್ಮಾಮೀಟರ್‌ನಲ್ಲಿ 13. ಸಿಕ್ಕವರಿಗೆಲ್ಲ ಕೊಳ್ಳಿ ಅಂತ ಹೇಳಿದ್ದೆ, ಇಬ್ಬರು ಕೊಂಡರು ಕೂಡ. ಅದು ಈಗಲೂ ನನಗೆ ಬೇಜಾರು.

ಮಾರ್ಚ್ ಬಂತು. ಡಿಸ್‌ಪ್ಲೇಯಲ್ಲಿ 12 ಅಂತಲೇ ಇತ್ತು, ಒಳಗೆ 17. ಏಪ್ರಿಲ್ ಎರಡನೇ ವಾರ ಮಧ್ಯಾಹ್ನ 21. ಫ್ಯಾನ್ ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲ. ರಾತ್ರಿ ಮನೆ ತಣಿದಾಗ 16ಕ್ಕೆ ಇಳಿಯುವುದು, ಹಗಲು ಮತ್ತೆ ಏರುವುದು. ಅಂದರೆ ಯಾವ ಏರಿಳಿತ ತಪ್ಪಿಸಲು ದುಡ್ಡು ಕೊಟ್ಟೆನೋ ಅದು ಪೆಟ್ಟಿಗೆಯ ಒಳಗೇ ನಡೆಯುತ್ತಿತ್ತು.

ನಮ್ಮ ಬೀದಿಯ ಫ್ರಿಜ್ ರಿಪೇರಿಯವರನ್ನು ಕರೆಸಿದೆ. ಹಿಂದಿನ ಮುಚ್ಚಳ ಬಿಚ್ಚಿ ನೋಡಿ ಹೇಳಿದರು: "ಮೇಡಂ, ಇದರಲ್ಲಿ ಗ್ಯಾಸೂ ಇಲ್ಲ, ಕಂಪ್ರೆಸರೂ ಇಲ್ಲ. ಬಿಸ್ಕತ್ತಿನ ಗಾತ್ರದ ಒಂದು ಪ್ಲೇಟ್ ಇದೆ, ಅಷ್ಟೇ. ಇದು ಕೆಟ್ಟಿಲ್ಲ, ಇದರ ಶಕ್ತಿಯೇ ಇಷ್ಟು." ಅವರು ಹೇಳಿದ್ದು ಅಕ್ಷರಶಃ ಸರಿ. ಅದನ್ನು ಪೆಲ್ಟಿಯೆ ಪ್ಲೇಟ್ ಅನ್ನುತ್ತಾರೆ, 1834ರಲ್ಲಿ ಆ ಹೆಸರಿನ ಫ್ರೆಂಚ್ ವಿಜ್ಞಾನಿ ಕಂಡುಕೊಂಡ ತತ್ವ. ಎರಡು ಬೇರೆ ಬೇರೆ ವಸ್ತುಗಳ ಬೆಸುಗೆಯಲ್ಲಿ ಕರೆಂಟ್ ಹರಿಸಿದರೆ ಒಂದು ಮುಖ ತಣ್ಣಗಾಗುತ್ತದೆ, ಇನ್ನೊಂದು ಮುಖ ಬಿಸಿಯಾಗುತ್ತದೆ. ಬಿಸಿ ಮುಖವನ್ನು ಫ್ಯಾನ್ ತಣಿಸಬೇಕು. ಫ್ಯಾನ್ ತಣಿಸುವುದು ಯಾವುದರಿಂದ? ನಮ್ಮ ಕೋಣೆಯ ಗಾಳಿಯಿಂದಲೇ. ಆ ಗಾಳಿಯೇ 35 ಡಿಗ್ರಿ ಇದ್ದರೆ ಪಾಪ ಅದು ಏನು ಮಾಡೀತು? ಇಂಥ ಮನೆಬಳಕೆಯ ಪೆಟ್ಟಿಗೆಗಳು ಸಾಮಾನ್ಯವಾಗಿ ಹೊರಗಿನ ತಾಪಕ್ಕಿಂತ 15 ಡಿಗ್ರಿ ಆಸುಪಾಸು ಮಾತ್ರ ಇಳಿಸಬಲ್ಲವು. 27ರಲ್ಲಿ 12 ಸಿಗುತ್ತದೆ. 35ರಲ್ಲಿ ಸಿಗುವುದು 20. ಆಮೇಲೆ ಮ್ಯಾನ್ಯುಯಲ್ ತೆಗೆದು ಓದಿದೆ, ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ "ಹೊರಗಿನ ತಾಪ 25 ಡಿಗ್ರಿ ಇದ್ದಾಗ" ಅಂತ ಇತ್ತು. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಯಾವ ಮನೆಯಲ್ಲಿ 25 ಇರುತ್ತದೆ ಹೇಳಿ. ಬೆಂಗಳೂರಿನ ಕಥೆಯೇ ಹೀಗಾದರೆ ಕಲಬುರಗಿ, ಬಳ್ಳಾರಿ, ರಾಯಚೂರಿನವರು ಈ ತಂತ್ರದ ಕಡೆ ತಿರುಗಿಯೂ ನೋಡಬಾರದು.

ಕರೆಂಟಿನ ಲೆಕ್ಕವೂ ಹೇಳಬೇಕು. ಈ ಪೆಟ್ಟಿಗೆಯದ್ದು 70 ವ್ಯಾಟ್, ಕೇಳಿದರೆ ಕಡಿಮೆ ಅನ್ನಿಸುತ್ತದೆ. ಆದರೆ ಬೇಸಿಗೆಯಲ್ಲಿ ಅದು ನಿಲ್ಲುವುದೇ ಇಲ್ಲವಲ್ಲ, 24 ಗಂಟೆಗೆ 1.68 ಯೂನಿಟ್, ತಿಂಗಳಿಗೆ 50 ಯೂನಿಟ್. ಗೃಹಜ್ಯೋತಿ ಬಂದ ಮೇಲೆ ಇದು ಚಿಕ್ಕ ಮಾತಲ್ಲ. ಹಳೆಯ ಸರಾಸರಿ ನೋಡಿ ಅದರ ಮೇಲೆ ಸ್ವಲ್ಪ ಮಾತ್ರ ಸೇರಿಸಿ ಉಚಿತ ಕೊಡುವುದರಿಂದ, ಹೀಗೆ 50 ಯೂನಿಟ್ ಒಮ್ಮೆಲೇ ಏರಿದರೆ ಆ ಹೆಚ್ಚುವರಿಗೆ ಕೈಯಿಂದಲೇ ಕಟ್ಟಬೇಕು.

2024ರ ಜನವರಿಯಲ್ಲಿ ಫ್ಯಾನ್ ನಿಂತಿತು. ಕೊಂಡು ಹದಿನಾಲ್ಕು ತಿಂಗಳು, ವಾರಂಟಿ ಹನ್ನೆರಡು ತಿಂಗಳು. ಕಸ್ಟಮರ್ ಕೇರ್‌ನಲ್ಲಿ ಬಿಡಿಭಾಗ ಇಲ್ಲ ಅಂದರು, ಬೆಂಗಳೂರಿನಲ್ಲಿ ಸರ್ವಿಸ್ ಸೆಂಟರ್ ಕೂಡ ಇಲ್ಲ. ಅಲ್ಲಿಗೆ ಮುಗಿಯಿತು.

ಎರಡನೆಯದನ್ನು ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿದೆ, ಮಾಮೂಲಿ ಫ್ರಿಜ್‌ನಲ್ಲಿ ಇರುವ ಹಾಗೆ ಕಂಪ್ರೆಸರ್ ಇದೆಯಾ? 24 ಬಾಟಲಿಯದ್ದು, 32,000 ರೂಪಾಯಿ. ಇದನ್ನು ಅಂಗಡಿಗೇ ಹೋಗಿ, ಬಾಗಿಲು ತೆಗೆದು, ಬಾಟಲಿ ಮಲಗಿಸುವ ತಟ್ಟೆ ಎಳೆದು ನೋಡಿ ತಂದದ್ದು. ಈಗ ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಕೊಳ್ಳುವ ಮೊದಲು ನನಗೆ ಇಂಥ ವಿವರ ಎಲ್ಲೂ ಸಿಕ್ಕಿರಲಿಲ್ಲ.

ತಾಪ ಹೇಗೆ ಅಳೆಯುವುದು ಅನ್ನುವುದು ಮುಖ್ಯ. ಮೊದಲ ದಿನ ಥರ್ಮಾಮೀಟರನ್ನು ತಟ್ಟೆಯ ಮೇಲೆ ಇಟ್ಟೆ. 10ಕ್ಕೆ ಇಳಿಯಿತು, 15ಕ್ಕೆ ಏರಿತು, ಮತ್ತೆ 10. ಎದೆ ಧಸಕ್ ಅಂತು, ಇದೂ ಹಾಗೇನಾ ಅಂತ. ಆಮೇಲೆ ಯೋಚನೆ ಮಾಡಿದೆ. ಕಂಪ್ರೆಸರ್ ಓಡಿ ನಿಂತು ಓಡುವಾಗ ಏರಿಳಿಯುವುದು ಒಳಗಿನ ಗಾಳಿ. ವೈನ್ ಇರುವುದು ಗಾಜಿನ ಒಳಗೆ, ಮುಕ್ಕಾಲು ಲೀಟರ್ ದ್ರವ, ಅದು ಅಷ್ಟು ಬೇಗ ಕದಲುವುದಿಲ್ಲ. ಒಂದು ಖಾಲಿ ಬಾಟಲಿಗೆ ನೀರು ತುಂಬಿ, ತಂತಿ ಇರುವ ಥರ್ಮಾಮೀಟರ್‌ನ ತುದಿಯನ್ನು ನೀರಿಗೆ ಇಳಿಬಿಟ್ಟು, ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ನಡುವಿನ ತಟ್ಟೆಯಲ್ಲಿ ಓರೆಯಾಗಿ ಇಟ್ಟೆ. ಎರಡು ದಿನ ನೋಡಿದೆ. 12.6ರಿಂದ 13.1, ಅಷ್ಟೇ. ಸಮಾಧಾನ ಆಯಿತು. ಗಾಳಿಯ ತಾಪ ನೋಡಿ ಫ್ರಿಜ್ ವಾಪಸ್ ಕಳಿಸಬೇಡಿ, ನೀರಿನ ಬಾಟಲಿ ಇಟ್ಟು ನೋಡಿ. ಮೇಲಿನ ತಟ್ಟೆ ಕೆಳಗಿನದಕ್ಕಿಂತ ಎರಡು ಡಿಗ್ರಿ ಬೆಚ್ಚಗಿರುತ್ತದೆ, ಅದೂ ಉಪಯೋಗವೇ. ಬೇಗ ಕುಡಿಯುವ ಕೆಂಪು ವೈನ್ ಮೇಲೆ, ಇಡುವಂಥದ್ದು ನಡುವೆ, ಬಿಳಿ ವೈನ್ ತಳದಲ್ಲಿ.

ನಿಜವಾದ ಪರೀಕ್ಷೆ ಆದದ್ದು 2024ರ ಏಪ್ರಿಲ್‌ನಲ್ಲಿ. ನೆನಪಿದೆ ಅಲ್ವಾ ಆ ಬೇಸಿಗೆ, ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದು ಕೂತ ಬೇಸಿಗೆ, ತಿಂಗಳ ಕೊನೆಗೆ ಬೆಂಗಳೂರಿನಲ್ಲಿ 38 ಡಿಗ್ರಿ ದಾಟಿತ್ತು. ಮನೆಯೊಳಗೆ 36. ನೀರಿನ ಬಾಟಲಿಯಲ್ಲಿ 13.4ಕ್ಕಿಂತ ಮೇಲೆ ಹೋಗಲಿಲ್ಲ. ಒಂದು ಮಧ್ಯಾಹ್ನ ನಾಲ್ಕು ಗಂಟೆ ಹೊತ್ತು ಕರೆಂಟ್ ಇಲ್ಲದಾಗ, ಬಾಗಿಲು ತೆಗೆಯದೆ ಬಿಟ್ಟೆ, ಒಂದೂವರೆ ಡಿಗ್ರಿ ಮಾತ್ರ ಏರಿತು. ಫ್ರಿಜ್ ತುಂಬಿದ್ದಷ್ಟೂ ಇದು ಚೆನ್ನಾಗಿ ತಡೆಯುತ್ತದೆ, ಬಾಟಲಿಗಳೇ ಒಂದನ್ನೊಂದು ತಣ್ಣಗೆ ಇಡುತ್ತವೆ. ಬಾಟಲಿ ಕಡಿಮೆ ಇದ್ದರೆ ಜಾಗ ತುಂಬಲು ನೀರು ತುಂಬಿದ ಬಾಟಲಿ ಮಲಗಿಸಿ. ಪ್ಲಗ್‌ಗೆ ಹಾಕುವ ಮೀಟರ್‌ನಲ್ಲಿ ನೋಡಿದರೆ ಆ ಏಪ್ರಿಲ್‌ನಲ್ಲಿ ದಿನಕ್ಕೆ 0.7 ಯೂನಿಟ್, ಡಿಸೆಂಬರ್‌ನಲ್ಲಿ 0.4. ಹಳೆಯದರ ಅರ್ಧವೂ ಇಲ್ಲ, ಆದರೆ ಕೆಲಸ ಪೂರ್ತಿ ಮಾಡುತ್ತದೆ. 2025ರ ಬೇಸಿಗೆಯೂ ಹೀಗೇ ಹೋಯಿತು, ಬರೆಯುವಂಥದ್ದು ಏನೂ ಆಗಲಿಲ್ಲ.

ಕೊರತೆಗಳೂ ಇವೆ. 24 ಬಾಟಲಿ ಹಿಡಿಯುತ್ತದೆ ಅನ್ನುವುದು ಸುಳ್ಳು ಅಂತ ಹೇಳುವುದಿಲ್ಲ, ಆದರೆ ಎಲ್ಲವೂ ನೆಟ್ಟಗಿನ ಭುಜದ ಬೋರ್ಡೋ ಬಾಟಲಿ ಆಗಿರಬೇಕು. ಪಿನೋ ನುವಾರ್, ಶಾರ್ಡನೆ ಅನ್ನುವ ವೈನ್‌ಗಳು ಬರುವ ಇಳಿಜಾರು ಭುಜದ ಬಾಟಲಿ ಅಗಲ ಜಾಸ್ತಿ, ನೊರೆ ವೈನ್‌ನ ಬಾಟಲಿ ಇನ್ನೂ ದಪ್ಪ. ಎಲ್ಲ ಸೇರಿದರೆ 18 ಹಿಡಿಯುತ್ತದೆ. ತಟ್ಟೆಗೂ ತಟ್ಟೆಗೂ ನಡುವೆ ಜಾಗ ಸಾಲದೆ ಬಾಟಲಿ ಎಳೆಯುವಾಗ ಎರಡು ಲೇಬಲ್ ಹರಿದಿವೆ. ನಿಮಗೆ ಎಷ್ಟು ಬೇಕೋ ಅದರ ಒಂದೂವರೆ ಪಟ್ಟು ಬರೆದಿರುವುದನ್ನು ಕೊಳ್ಳಿ.

ಸದ್ದು ಇದೆ. ಹಗಲು ಗೊತ್ತಾಗುವುದಿಲ್ಲ. ರಾತ್ರಿ ಹಾಲ್‌ನಲ್ಲಿ ಮಲಗಿದವರಿಗೆ ಗುಂಯ್ ಅನ್ನುವುದು ಕೇಳುತ್ತದೆ, ಶುರುವಾಗುವಾಗ ಟಕ್ ಅಂತ ಒಂದು ಸದ್ದು. ನಮ್ಮತ್ತೆ ಬಂದಾಗ ಹಾಲ್‌ನಲ್ಲೇ ಮಲಗುವವರು, ಮೊದಲ ರಾತ್ರಿ ಎರಡು ಸಲ ಎದ್ದರು. ಮಲಗುವ ಕೋಣೆಯಲ್ಲಂತೂ ಇಡಬೇಡಿ. ಇನ್ನು ನಡುಕದ ಬಗ್ಗೆ, ತಟ್ಟೆಯ ಮೇಲೆ ಲೋಟದಲ್ಲಿ ನೀರಿಟ್ಟು ನೋಡಿದೆ. ಕಂಪ್ರೆಸರ್ ಶುರುವಾದ ಕ್ಷಣ ಸಣ್ಣ ಅಲೆ ಏಳುತ್ತದೆ, ಆಮೇಲೆ ಇಲ್ಲ. ಇಪ್ಪತ್ತು ವರ್ಷ ಇಡುವ ವೈನ್ ಇದ್ದವರು ಅದಕ್ಕೂ ಚಿಂತೆ ಮಾಡಲಿ. ಐದಾರು ವರ್ಷ ಇಡುವ ನಮ್ಮಂಥವರಿಗೆ ಬಿಸಿಯ ಮುಂದೆ ಈ ಅಲೆ ಲೆಕ್ಕಕ್ಕಿಲ್ಲ.

ಇಡುವ ಜಾಗದ ಬಗ್ಗೆ ಒಂದು ಎಚ್ಚರಿಕೆ. ಇದು ಹಿಂದಿನಿಂದ ಬಿಸಿ ಬಿಡುವ ಮಾದರಿ. ಗೋಡೆಗೆ ಅಂಟಿಸಿ ಇಡಬಾರದು, ಕನಿಷ್ಠ ಹತ್ತು ಸೆಂಟಿಮೀಟರ್ ಬಿಡಬೇಕು. ಇಂಟೀರಿಯರ್ ಮಾಡುವವರು ಮಾಡ್ಯುಲರ್ ಕಿಚನ್‌ನ ಕಪಾಟಿನೊಳಗೆ ಕೂರಿಸಿಕೊಡುತ್ತೇವೆ ಅನ್ನುತ್ತಾರೆ, ಚೆಂದ ಕಾಣುತ್ತದೆ, ನಿಜ. ಆದರೆ ಮುಂಭಾಗದಿಂದ ಗಾಳಿ ಬಿಡುವ ಮಾದರಿಯನ್ನು ಮಾತ್ರ ಹಾಗೆ ಕೂರಿಸಬಹುದು, ಅದರ ಬೆಲೆ ಬೇರೆ. ಹಿಂದಿನಿಂದ ಬಿಡುವುದನ್ನು ಕಪಾಟಿಗೆ ತುರುಕಿದರೆ ಕಂಪ್ರೆಸರ್ ಉಸಿರುಗಟ್ಟಿ ಬೇಗ ಸಾಯುತ್ತದೆ.

ತೇವಾಂಶ 60ರಿಂದ 70 ಶೇಕಡಾ ಇರಬೇಕು ಅನ್ನುತ್ತಾರೆ. ಇದರಲ್ಲಿ 50ರ ಸುತ್ತ ಇರುತ್ತದೆ. ಒಂದು ಚಿಕ್ಕ ಬಟ್ಟಲಲ್ಲಿ ನೀರಿಟ್ಟೆ, 60ಕ್ಕೆ ಬಂತು. ಮಂಗಳೂರಿನಲ್ಲಿರುವ ನನ್ನ ಗೆಳತಿಯದ್ದು ತದ್ವಿರುದ್ಧ ತೊಂದರೆ, ಮಳೆಗಾಲದಲ್ಲಿ ಅವಳು ಬೀರುವಿನಲ್ಲಿಟ್ಟ ಬಾಟಲಿಗಳ ಲೇಬಲ್‌ಗೆಲ್ಲ ಬೂಷ್ಟು. ವೈನ್‌ಗೆ ಅದರಿಂದ ಏನೂ ಆಗಿರಲಿಲ್ಲ, ಒರೆಸಿ ಕುಡಿದೆವು.

ಈಗ ಮುಖ್ಯ ಪ್ರಶ್ನೆ. ನೀವು ಇದನ್ನು ಕೊಳ್ಳಬೇಕಾ? ನನ್ನನ್ನು ಕೇಳಿದರೆ ಹೆಚ್ಚಿನವರು ಬೇಡ. ಅಂಗಡಿಯಲ್ಲಿ ಸಿಗುವ ವೈನ್‌ನಲ್ಲಿ ಬಹುಪಾಲು ಕೊಂಡ ಒಂದೆರಡು ವರ್ಷದಲ್ಲಿ ಕುಡಿಯಲೆಂದೇ ಮಾಡಿದ್ದು. ಶೆನಾ ಬ್ಲಾಂ, ಸೋವಿನ್ಯೋ ಬ್ಲಾಂ ಅನ್ನುವ ಬಿಳಿ ವೈನ್‌ಗಳು, ರೋಸೆ, ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್, ಇವನ್ನು ಇಟ್ಟರೆ ಒಳ್ಳೆಯದಾಗುವುದಿಲ್ಲ, ತಾಜಾತನ ಕಳೆದುಕೊಳ್ಳುತ್ತವೆ. ತಂದು ಒಂದೆರಡು ತಿಂಗಳಲ್ಲಿ ಕುಡಿಯುವವರು ಬೀರುವಿನ ತಳದಲ್ಲಿ, ಉತ್ತರದ ಕೋಣೆಯಲ್ಲಿ, ಥರ್ಮಾಕೋಲ್ ಪೆಟ್ಟಿಗೆಯೊಳಗೆ ಮಲಗಿಸಿ ಇಟ್ಟರೆ ಸಾಕು. ಥರ್ಮಾಕೋಲ್ ತಣ್ಣಗೆ ಮಾಡುವುದಿಲ್ಲ, ಆದರೆ ಹಗಲು ರಾತ್ರಿಯ ಏರಿಳಿತವನ್ನು ತಡೆಯುತ್ತದೆ. ನನ್ನ ಬೀರುವಿನಲ್ಲಿ ಅದು ಎರಡು ಡಿಗ್ರಿಯಿಂದ ಅರ್ಧ ಡಿಗ್ರಿಗೆ ಬಂತು. ಏಪ್ರಿಲ್, ಮೇ ಎರಡು ತಿಂಗಳು ಮಾಮೂಲಿ ಫ್ರಿಜ್‌ನ ತರಕಾರಿ ಡಬ್ಬದಲ್ಲಿ ಮಲಗಿಸಿಡಿ. ಸೊಪ್ಪಿಗೆ ಜಾಗ ಕಡಿಮೆಯಾಗುತ್ತದೆ, ನಮ್ಮ ಮನೆಯಲ್ಲೂ ಈ ಬಗ್ಗೆ ಮಾತು ಬಂದಿತ್ತು. ಆದರೂ ಬೇಸಿಗೆಯ ಎರಡು ತಿಂಗಳ 4 ಡಿಗ್ರಿ ಚಳಿಯಿಂದ ವೈನ್ ಕೆಡುವುದಿಲ್ಲ, 36 ಡಿಗ್ರಿ ಬಿಸಿಯಿಂದ ಖಂಡಿತ ಕೆಡುತ್ತದೆ. ಬಾಗಿಲಿನ ರ‍್ಯಾಕ್ ಬೇಡ, ದಿನಕ್ಕೆ ಐವತ್ತು ಸಲ ಅಲುಗಾಡುತ್ತದೆ.

ಫ್ರಿಜ್ ಬೇಕಾಗುವುದು ಇಡಲು ಯೋಗ್ಯವಾದ ವೈನ್ ಇದ್ದವರಿಗೆ, ಅದನ್ನು ವರ್ಷಗಟ್ಟಲೆ ಇಡುವ ಮನಸ್ಸು ಇದ್ದವರಿಗೆ. ನಮ್ಮಲ್ಲೇ ಅಂಥ ವೈನ್ ಇವೆ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಜಂಪಾದ ಲಾ ರಿಸರ್ವ್, ಹಂಪಿ ಕಡೆಯ ಕ್ರಿಸ್ಮದ ಕ್ಯಾಬರ್ನೆ ಸೋವಿನ್ಯೋ, ನಾಸಿಕ್‌ನ ಸುಲಾದ ರಾಸಾ. ಇವು ಕೆಲವು ವರ್ಷ ಕಾದರೆ ಒಗರು ಮೆತ್ತಗಾಗಿ ಬೇರೆಯೇ ರುಚಿ ಬರುತ್ತದೆ. ಅದನ್ನು ಒಮ್ಮೆ ಕುಡಿದವರಿಗೆ ಈ ಒದ್ದಾಟ ಯಾಕೆ ಅಂತ ಅರ್ಥವಾಗುತ್ತದೆ. ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ಅಬಕಾರಿ ಮಿತಿ ಇದೆ, 24 ತುಂಬಿಸುವ ಮೊದಲು ಅದನ್ನು ವಿಚಾರಿಸಿಕೊಳ್ಳಿ.

ಅಕ್ಕ ಪ್ರತಿ ವರ್ಷ ಕಳಿಸುವ ಕೊಡಗಿನ ಮನೆ ವೈನ್ ಬಗ್ಗೆ ಬೇರೆಯೇ ಹೇಳಬೇಕು. ದ್ರಾಕ್ಷಿಯದ್ದು, ನೆಲ್ಲಿಕಾಯಿಯದ್ದು, ಶುಂಠಿಯದ್ದು. ಅದರಲ್ಲಿ ಸಕ್ಕರೆ ಉಳಿದಿರುತ್ತದೆ, ಯೀಸ್ಟ್ ಕೂಡ ಬದುಕಿರಬಹುದು. ಬೆಚ್ಚಗಿನ ಜಾಗದಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಒಳಗೆ ಮತ್ತೆ ಹುಳಿ ಬಂದು ಗ್ಯಾಸ್ ತುಂಬಿ ಬಾಟಲಿ ಒಡೆಯಬಹುದು. ಅದನ್ನು ವೈನ್ ಫ್ರಿಜ್‌ನಲ್ಲಿ ಮಲಗಿಸಬೇಡಿ, ಮಾಮೂಲಿ ಫ್ರಿಜ್‌ನಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ಮುಚ್ಚಳ ಸ್ವಲ್ಪ ಸಡಿಲಿಸಿ, ಕೆಲವೇ ತಿಂಗಳಲ್ಲಿ ಮುಗಿಸಿ.

ತೆರೆದ ಬಾಟಲಿಯ ಕಥೆ ಚಿಕ್ಕದು. ಗಾಳಿ ಹೀರುವ ಪಂಪ್ ಒಂದು ಇದೆ ನನ್ನ ಹತ್ತಿರ, ವ್ಯಾಕುವಿನ್ ಅಂತ. ಕೆಂಪು ವೈನ್‌ಗೆ ಒಂದೆರಡು ದಿನ ಹೆಚ್ಚು ಸಿಗುತ್ತದೆ, ನೊರೆ ವೈನ್‌ಗೆ ಹಾಕಿದರೆ ನೊರೆಯೇ ಹೋಗುತ್ತದೆ. ಕಾರ್ಕ್ ತೆಗೆಯದೆ ಸೂಜಿ ಚುಚ್ಚಿ, ತೆಗೆದ ವೈನ್‌ನ ಜಾಗಕ್ಕೆ ಆರ್ಗಾನ್ ಗ್ಯಾಸ್ ತುಂಬುವ ಕೊರಾವಿನ್ ಅನ್ನುವುದೂ ಇದೆ, ಕೆಲಸ ಚೆನ್ನಾಗಿ ಮಾಡುತ್ತದೆ, ಆದರೆ ನಮ್ಮಲ್ಲಿ ಅದರ ಬೆಲೆ, ಗ್ಯಾಸ್ ಡಬ್ಬಿಯ ಬೆಲೆ ಎರಡೂ ದುಬಾರಿ. ನನಗೆ ಎಲ್ಲಕ್ಕಿಂತ ಒಳ್ಳೆಯದು ಅನ್ನಿಸಿದ್ದು 375 ಮಿಲಿ ಲೀಟರ್‌ನ ಖಾಲಿ ಅರ್ಧ ಬಾಟಲಿ. ದೊಡ್ಡ ಬಾಟಲಿ ತೆಗೆದ ತಕ್ಷಣ ಅರ್ಧವನ್ನು ಅದಕ್ಕೆ ಕತ್ತಿನವರೆಗೆ ಸುರಿದು, ತಿರುಪು ಮುಚ್ಚಿ, ಫ್ರಿಜ್‌ಗೆ. ಒಳಗೆ ಗಾಳಿಗೇ ಜಾಗ ಇಲ್ಲ. ಐದನೇ ದಿನವೂ ಚೆನ್ನಾಗಿರುತ್ತದೆ.

ಮತ್ತೆ ಈ "ಕೆಂಪು ವೈನನ್ನು ರೂಂ ಟೆಂಪರೇಚರ್‌ನಲ್ಲಿ ಕುಡಿಯಬೇಕು" ಅನ್ನುವ ಮಾತು. ಅದು ಯುರೋಪಿನ ತಣ್ಣನೆಯ ಮನೆಗಳ ಮಾತು, ಅಲ್ಲಿನ ರೂಂ ಅಂದರೆ 16ರಿಂದ 18 ಡಿಗ್ರಿ. ನಮ್ಮ ರೂಂ 28. ಆ ಬಿಸಿಯಲ್ಲಿ ಸುರಿದರೆ ಮೂಗಿಗೆ ಮೊದಲು ಹೊಡೆಯುವುದು ಆಲ್ಕೋಹಾಲ್. ಕುಡಿಯುವ ಕನಿಷ್ಠ ಅರ್ಧ ಗಂಟೆ ಮೊದಲು ಮಾಮೂಲಿ ಫ್ರಿಜ್‌ಗೆ ಇಡಿ. ವೈನ್ ಫ್ರಿಜ್‌ನಿಂದ ತೆಗೆದದ್ದಾದರೆ ಹದಿನೈದು ನಿಮಿಷ ಹೊರಗಿಟ್ಟರೆ ಸರಿ.

ಇಷ್ಟಾದ ಮೇಲೂ ವೈನ್ ಫ್ರಿಜ್ ಬೇಕೇ ಬೇಕು ಅನ್ನುವವರು ದಯವಿಟ್ಟು ಚಳಿಗಾಲದ ಆಫರ್‌ನಲ್ಲಿ ಕೊಳ್ಳಬೇಡಿ. ಬೆಲೆ ಇಳಿದಿದೆ ಅಂತ ನಾನು ನವೆಂಬರ್‌ನಲ್ಲಿ ಕೊಂಡೆ, ಅದರ ದೋಷ ಕಾಣುವಷ್ಟರಲ್ಲಿ ವಾಪಸ್ ಕೊಡುವ ದಿನಗಳೆಲ್ಲ ಕಳೆದು ನಾಲ್ಕು ತಿಂಗಳಾಗಿತ್ತು. ಏಪ್ರಿಲ್ ಮೊದಲ ವಾರ ತನ್ನಿ. ತಂದ ದಿನ ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಆಮೇಲೆ ಸ್ವಿಚ್ ಹಾಕಿ. ಒಳಗೆ ನೀರಿನ ಬಾಟಲಿ ಇಟ್ಟು, ಮಧ್ಯಾಹ್ನ ಮೂರು ಗಂಟೆಗೆ, ಮನೆಯ ಕಿಟಕಿ ಎಲ್ಲ ಕಾದಿರುವಾಗ, ನಾಲ್ಕು ದಿನ ಅಂಕಿ ಬರೆದುಕೊಳ್ಳಿ. 14 ದಾಟಿದರೆ ಪೆಟ್ಟಿಗೆ, ಥರ್ಮಾಕೋಲ್, ಬಿಲ್ಲು ಎಲ್ಲ ಇರುವಾಗಲೇ ವಾಪಸ್ ಕಳಿಸಿ.